ಕೂತ ಗುರುವಿಗೆ ಒಂದು ಪ್ರಶ್ನೆ

ಆ ಸೋಮವಾರ ಕಲ್ಲಪ್ಪ ಮಾಸ್ತರರಿಗೆ ಮಂಡಿ ನೋಯುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಅವರು ಕುರ್ಚಿಯಲ್ಲಿ ಕೂತು ಪಾಠ ಹೇಳಿದರು.

ಯುಗಾದಿ ಮುಗಿದ ವಾರ ಅದು. ಪಾಠ ನೆರಳಿನದು. "ಬೆಳಿಗ್ಗೆ ನೆರಳು ಉದ್ದ. ಮಧ್ಯಾಹ್ನ ಕಾಲ ಕೆಳಗ ಅಡಗತದ. ಎಲ್ಲಾ ಊರಾಗೂ ಇಷ್ಟs," ಎಂದರು.

ಕೊನೆಯ ಸಾಲಿನಲ್ಲಿ ಚೋಕ್ಯಿ ಎಂಬ ಹುಡುಗಿ ಇದ್ದಳು. ಅಜ್ಜನ ಜೊತೆ ಹಿಮದ ಬೆಟ್ಟ ದಾಟಿ ಟಿಬೆಟಿನಿಂದ ಬಂದವಳು. ತಾಯಿ ದಾರಿಯಲ್ಲೇ ತೀರಿಕೊಂಡಿದ್ದಳು. ಊರಾಚೆಯ ನಿರಾಶ್ರಿತರ ಶಿಬಿರದಿಂದ ದಿನವೂ ನಡೆದು ಬರುತ್ತಿದ್ದಳು. ನಾಲ್ಕು ತಿಂಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ಪಕ್ಕದಲ್ಲಿ ಕೂರುವ ಫಕೀರೇಶ ಅವಳಿಗೆ "ಮೂಗಿ" ಎಂದು ಹೆಸರಿಟ್ಟಿದ್ದ.

ಆ ದಿನ ಅವಳು ಎದ್ದು ಬಂದು ಮಾಸ್ತರರ ಎದುರು ನಿಂತಳು. ಬಲಗೈ ಮೇಲೆತ್ತಿದಳು. ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಅವರ ಮುಖದ ಮುಂದೆಯೇ ಚಟೀರೆಂದು ಚಪ್ಪಾಳೆ ಹೊಡೆದಳು. "ಯಾಕ?" ಎಂದಳು.

"ಮಾಸ್ತರರಿಗೇ ಕೈ ಎತ್ತಿದ್ಳ್ರೀ!" ಫಕೀರೇಶ ಕೂಗಿದ.

ಮಾಸ್ತರರ ಮುಖ ಕೆಂಪಾಯಿತು. "ನಾಳಿಂದ ಸಾಲಿಗೆ ಬರಬ್ಯಾಡ. ಹೆಸರು ತೆಗೀತೀನಿ."

ಮರುದಿನ ಅವಳು ಬರಲಿಲ್ಲ. ಹೆಸರು ತೆಗೆಯುವ ಕಾಗದಕ್ಕೆ ಅಜ್ಜನ ಹೆಬ್ಬೆಟ್ಟು ಒತ್ತಿಸಲು ಮಾಸ್ತರರು ಸಂಜೆ ಶಿಬಿರಕ್ಕೆ ಹೋದರು. ಬೇಲಿಯ ಹತ್ತಿರ ಅವರ ಕಾಲು ನಿಂತಿತು.

ಮರಗಳ ಕೆಳಗೆ ನೂರಾರು ಲಾಮಾಗಳು. ಅರ್ಧ ಜನ ಕೂತಿದ್ದರು, ಅರ್ಧ ಜನ ನಿಂತಿದ್ದರು. ನಿಂತವರು ಕಾಲು ಅಪ್ಪಳಿಸಿ, ಕೂತವರ ಮುಂದೆ ಚಪ್ಪಾಳೆ ಹೊಡೆದು ಪ್ರಶ್ನೆ ಕೇಳುತ್ತಿದ್ದರು. ಮೀಸೆ ಮೂಡದ ಹುಡುಗರು ಮುದುಕರನ್ನು ಕೇಳುತ್ತಿದ್ದರು. ಮುದುಕರು ನಕ್ಕು, ಯೋಚಿಸಿ, ಉತ್ತರ ಹೇಳುತ್ತಿದ್ದರು. ಹಿಂದೆ ಹರಕು ಗುಡಾರಗಳು. ನಾಡು, ಮನೆ, ಮಕ್ಕಳನ್ನು ಕಳೆದುಕೊಂಡ ಜನ ಓದನ್ನು ಮಾತ್ರ ಬಿಟ್ಟು ಬಂದಿರಲಿಲ್ಲ. ಮಾಸ್ತರರು ತಮಗೆ ಅರಿವಿಲ್ಲದೆಯೇ ಚಪ್ಪಲಿ ಕಳಚಿದರು.

ಚೋಕ್ಯಿಯ ಅಜ್ಜ ಬಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದ: "ಕೂತವರು ಹೇಳೋರು. ನಿಂತವರು ಕೇಳೋರು. ನಮ್ಮ ಓದು ಹಿಂಗ. ನಾನs ಕಲಿಸೀನಿ. ನೀವು ದಿನಾ ನಿಂತಿರಿ. ನಿನ್ನೆ ಕೂತಿರಿ. ಗುರು ಕೇಳು ಅಂದ್ರು, ಅಂದುಕೊಂಡ್ಳು. ತಪ್ಪಾತ್ರಿ."

ಮಾಸ್ತರರು ಕಾಗದ ಹರಿದರು. "ತಪ್ಪು ನಂದು, ಅಜ್ಜಾರ. ನಾಳೆ ಕಳಿಸ್ರಿ."

ಬುಧವಾರ ಮಾಸ್ತರರು ಮಕ್ಕಳ ಮುಂದೆ ನೆಲದ ಮೇಲೆಯೇ ಕೂತರು. "ಕೇಳವ್ವಾ," ಎಂದರು.

ಚೋಕ್ಯಿ ಚಪ್ಪಾಳೆ ಹೊಡೆದಳು. "ನಮ್ಮೂರು, ಮಧ್ಯಾಹ್ನ, ನೆರಳು ಉದ್ದ. ಇಲ್ಲಿ ಗಿಡ್ಡ. ಸೂರ್ಯ ಒಂದs. ಯಾಕ?"

ಭೂಮಿ ದುಂಡಗಿದೆ ಎಂದು ಮಾಸ್ತರರು ವರ್ಷವರ್ಷವೂ ಓದಿಸಿದ್ದರು. ದುಂಡಗಿದ್ದರೆ ಬಿಸಿಲು ಒಂದೊಂದು ಊರಿಗೆ ಒಂದೊಂದು ಓರೆಯಲ್ಲಿ ಬೀಳಬೇಕು. ಆ ದುಂಡು ಭೂಮಿಯ ಮೇಲೆ ಉತ್ತರದಿಂದ ನಡೆದು ಬಂದು, ನೆರಳು ಗಿಡ್ಡವಾಗುವುದನ್ನು ಕಂಡ ಮಗು ನಾಲ್ಕು ತಿಂಗಳು ಅವರ ಎದುರಿಗೇ ಸುಮ್ಮನೆ ಕೂತಿತ್ತು.

"ಎಲ್ಲಾ ಊರಾಗೂ ಇಷ್ಟs ಅಂದಿದ್ದೆ. ಸುಳ್ಳು ಅದು," ಎಂದರು. "ಏಳ್ರಿ ಎಲ್ಲಾರೂ. ಮೊದಲು ನಮ್ಮೂರಿನ ನೆರಳು ಅಳೆಯೋಣು."

"ಮೂಗಿ ಅಲ್ಲಲೇ ಇಕಿ," ಫಕೀರೇಶ ಗೆಳೆಯನಿಗೆ ಪಿಸುಗುಟ್ಟಿದ. "ವಕೀಲಿ!"

ಅಂಗಳದಲ್ಲಿ ಒಂದು ಮೊಳದ ಕೋಲು ನೆಟ್ಟರು. ಆ ಮಧ್ಯಾಹ್ನ ಅದರ ನೆರಳು ನಾಲ್ಕು ಬೆರಳು ಇತ್ತು.

ನೀತಿ: ನೆಲೆ ತಪ್ಪಿ ಬಂದ ಮಗು ಬರಿಗೈಯಲ್ಲಿ ಬಂದಿರುವುದಿಲ್ಲ, ತಾನು ಕಂಡದ್ದನ್ನೂ ಕಲಿಯುವ ತನ್ನ ರೀತಿಯನ್ನೂ ಹೊತ್ತು ತಂದಿರುತ್ತದೆ. ಅದಕ್ಕೆ ನಮ್ಮ ಪಾಠ ಹೇಳುವ ಮೊದಲು, ಅದು ಹೇಗೆ ಕಲಿಯುತ್ತದೆ ಎಂದು ನಾವು ಕಲಿಯಬೇಕು.