ಒಂದೇ ಒಲೆಯ ಮೂರು ಊರು

ಒಂದಾನೊಂದು ಕಾಲದಲ್ಲಿ, ಊರುಗಳಿಗೆ ಇನ್ನೂ ಹೆಸರು ಗಟ್ಟಿಯಾಗಿ ಅಂಟಿಕೊಳ್ಳದೆ ಇದ್ದ ಕಾಲದಲ್ಲಿ, ಹೊಳೆ ನಡುವೆ ಒಂದು ನಡುಗಡ್ಡೆ ಇತ್ತಂತೆ. ಹ್ಞೂಂ ಅನ್ನು ಮಗಾ, ನೀನು ಹ್ಞೂಂ ಅಂದರೇ ಕತೆ ಮುಂದಕ್ಕೆ ಹೋಗೋದು. ಹಾಂ. ಆ ನಡುಗಡ್ಡೇಲಿ ಇದ್ದದ್ದು ಒಂದೇ ಮನೆ, ಆ ಮನೇಲಿ ಒಬ್ಬಳು ಅವ್ವ, ಅವಳಿಗೆ ಮೂರು ಮಕ್ಕಳು. ದೊಡ್ಡವನು ಮಾಳ. ಒಂದು ಮಾತು ಆಡಬೇಕಾದರೆ ಅದನ್ನ ಬಾಯೊಳಗೇ ಬಹಳ ಹೊತ್ತು ಇಟ್ಕೊಂಡಿದ್ದು, ಆಮೇಲೆ ಬೇಡ ಅಂತ ನುಂಗಿಬಿಡೋನಂತೆ. ನಡುವಿನವನು ಕೆಂಚ. ಅವನಿಗೆ ಚೌಕಾಸಿ ಅಂದರೆ ಪ್ರಾಣ, ಬೇರೆ ಯಾರೂ ಸಿಗದೆ ಕೋಳಿ ಜೊತೆ ಮೊಟ್ಟೆಗೆ ಚೌಕಾಸಿ ಮಾಡೋನಂತೆ. ಏನಂದೆ, ಕೋಳಿ ಏನಂತು ಅಂತಾನಾ? ಕೋಳಿ ಒಪ್ಪಲಿಲ್ಲವಂತೆ. ಕೊನೆಯವಳು ಈರಿ. ಅವಳಿಗೆ ಎಲ್ಲರ ಸುದ್ದೀನೂ ಗೊತ್ತಾಗಬೇಕು. ಹೊಳೇಲಿ ಒಂದು ತೆಪ್ಪ ಹೋದರೆ ಸಾಕು, ದಡದಲ್ಲಿ ನಿಂತು, ಯಾರು ನೀವು, ಎಲ್ಲಿಗೆ ಹೊರಟ್ರಿ, ಬುತ್ತೀಲಿ ಏನಿದೆ ಅಂತ ಕೂಗೋಳಂತೆ.

ಅವ್ವಂದು ಒಂದು ಪದ್ಧತಿ ಇತ್ತು. ಹೊರಗೆ ಕಾಲಿಡುವಾಗ ಯಾರೂ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಈರಿ ಅವಸರದಲ್ಲಿ ಹೋಗ್ತೀನಿ ಅಂದುಬಿಟ್ಟರೆ, ಅವ್ವ ಅವಳನ್ನ ವಾಪಸ್ ಕರೆದು, ಕೂರಿಸಿ, ಒಂದು ಲೋಟ ನೀರು ಕುಡಿಸಿ, ಈಗ ಹೇಳು ಅನ್ನೋಳಂತೆ. ಹೊಳೆಗೆ ಹೋಗಿ ಒಂದು ಕೊಡ ನೀರು ತರೋದಾದರೂ ಅಷ್ಟೇ.

ಆಮೇಲೆ ಅವ್ವಂಗೆ ವಯಸ್ಸಾಗಿ ಹಾಸಿಗೆ ಹಿಡಿದಳು. ಒಂದು ಮುಂಜಾನೆ ಮೂವರನ್ನೂ ಹತ್ತಿರ ಕರೆದು, ಒಲೆ ಬೇರೆ ಮಾಡ್ಕೋಬೇಡ್ರಪ್ಪಾ, ಬರ್ತೀನಿ ಅಂದಳಂತೆ. ಅಂದು ಕಣ್ಣು ಮುಚ್ಚಿದಳಂತೆ.

ಆಮೇಲೆ ಆ ವರ್ಷವೇ ಹೊಳೆ ದಾರಿ ಬದಲಾಯಿಸಿ, ಮೊದಲು ಹಿತ್ತಿಲು ತಿಂತು, ಆಮೇಲೆ ಕೊಟ್ಟಿಗೆ ತಿಂತು, ಆಮೇಲೆ ಅಡುಗೆಮನೆ ಬಾಗಿಲಿಗೇ ಬಂದು ನಿಂತಿತಂತೆ. ಇನ್ನು ಇಲ್ಲಿ ಇರೋಕಾಗಲ್ಲ ಅಂತ ಮೂವರೂ ಅವ್ವನ ಒಲೆಯ ಮೂರು ಗುಂಡುಕಲ್ಲು ಕಿತ್ತು, ಒಬ್ಬೊಬ್ಬರು ಒಂದೊಂದನ್ನ ಹೆಗಲ ಮೇಲೆ ಇಟ್ಕೊಂಡು ತೆಪ್ಪ ಹತ್ತಿದರಂತೆ. ಮೂರು ಗುಂಡು ಕೂಡಿದರೆ ತಾನೇ ಒಲೆ, ಒಂದೇ ಗುಂಡಿನ ಮೇಲೆ ಮಡಕೆ ಕೂರುತ್ತಾ? ಅದಕ್ಕೇ ಮೂವರಿಗೂ ಹಿಡಿಸೋ ಅಂಥ ಒಂದು ಪಟ್ಟಣ ಹುಡುಕಿ, ಅಲ್ಲೇ ಒಲೆ ಹೂಡಬೇಕು, ಅವ್ವನ ಮಾತು ಉಳಿಸಬೇಕು ಅಂತ.

ಮೊದಲು ಸಿಕ್ಕಿದ್ದು ಮೆಲ್ಲನೂರು. ಅಲ್ಲಿ ಗಾಡಿ ಚಕ್ರಕ್ಕೆ ಹಳೇ ಬಟ್ಟೆ ಸುತ್ತಿದ್ದರಂತೆ, ಎತ್ತಿನ ಕೊರಳ ಗಂಟೆಯೊಳಗೆ ಹತ್ತಿ ತುಂಬಿದ್ದರಂತೆ, ಜನ ನೆರಳಲ್ಲಿ ಕೂತು ಮರದ ಬಾಚಣಿಗೆ ಕೆತ್ತೋರಂತೆ. ಮಾಳ ಒಬ್ಬ ಮುದುಕನ ಪಕ್ಕ ಹೋಗಿ ಕೂತ. ಮಧ್ಯಾಹ್ನದವರೆಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೆ ಎದ್ದು ಬಂದು, ಎಷ್ಟು ಚೆನ್ನಾಗಿ ಮಾತಾಡ್ತಾರೆ ಈ ಊರೋರು ಅಂದನಂತೆ. ಅಷ್ಟರಲ್ಲಿ ಈರಿಗೆ ಒಂದು ಸೀನು ಬಂತು. ಬೀದಿ ಜನವೆಲ್ಲ ಹೊರಗೆ ಬಂದು ನೋಡಿದರಂತೆ. ಈರಿ ಅಲ್ಲೇ ಒಂದು ಮನೆಯಾಕೇನ, ಅಕ್ಕಾ, ಇವತ್ತು ಏನು ಸಾರು ಅಂತ ಕೇಳಿದರೆ, ಆಕೆ ಕಿಟಕಿ ಮುಚ್ಚಿಕೊಂಡಳಂತೆ. ಅದೂ ಎಷ್ಟು ಮೆಲ್ಲಗೆ ಅಂದರೆ, ತಾನು ಬೈಸಿಕೊಂಡೆ ಅನ್ನೋದು ಈರಿಗೆ ಸಂಜೆ ಹೊತ್ತಿಗೆ ಗೊತ್ತಾಯ್ತಂತೆ.

ಹೊರಡುವಾಗ ಊರಬಾಗಿಲಲ್ಲಿ ಮುದುಕ ಕೈ ಎತ್ತಿದ. ಮಾಳ ಬರ್ತೀನಿ ಅಂದ. ಈರಿ ಬಾಯಲ್ಲಿ ಮಾತ್ರ ಹೋಗ್ತೀನಿ ಅಂತ ಬಂದುಬಿಡ್ತು. ನಾಲಿಗೆ ಕಚ್ಚಿಕೊಂಡಳು. ವಾಪಸ್ ಕರೆದು ನೀರು ಕುಡಿಸೋಕೆ ಅವ್ವ ಇರಲಿಲ್ಲ.

ಎರಡನೇದು ಗದ್ದಲಪಟ್ಟಣ. ಅಲ್ಲಿ ದಾರಿ ಕೇಳಿದರೂ ಚೌಕಾಸಿಯಂತೆ, ಎಡಕ್ಕೆ ಹೋಗು ಅಂದರೆ ಸ್ವಲ್ಪ ಬಲಕ್ಕೆ ಬಿಟ್ಟುಕೊಡಿ ಅನ್ನಬೇಕಂತೆ. ಕೆಂಚ ಒಂದು ಬೀದಿ ದಾಟೋದರೊಳಗೆ ತನ್ನ ರುಮಾಲು ಕೊಟ್ಟು ಕೊಡೆ ತಗೊಂಡು, ಕೊಡೆ ಕೊಟ್ಟು ಕುಂಬಳಕಾಯಿ ತಗೊಂಡು, ಕುಂಬಳಕಾಯಿ ಕೊಟ್ಟು ಅದೇ ರುಮಾಲು ವಾಪಸ್ ತಗೊಂಡು, ಭಾರೀ ಲಾಭ ಆಯ್ತು ಕಣೇ ಈರಿ ಅಂದನಂತೆ. ಮಾಳ ಒಂದು ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಈರಿಗೆ ಮೊದಮೊದಲು ಖುಷಿಯಾಯ್ತು, ಇಷ್ಟು ಜನ, ಎಷ್ಟು ಕೇಳಬಹುದು ಅಂತ. ಆದರೆ ಅವಳು ಕೇಳಿ ಮುಗಿಸೋ ಹೊತ್ತಿಗೆ ಉತ್ತರ ಹೇಳೋನು ಮುಂದಿನ ಬೀದಿಗೆ ಹೋಗಿರೋನಂತೆ. ಹೊರಡುವಾಗ ಕೆಂಚ ಬರ್ತೀನಿ ಅಂದ. ಈರಿನೂ ಮಾಳನೂ ಹೋಗ್ತೀವಿ ಅಂದರು.

ಮೂರನೇದು ಹೊಳೆ ದಂಡೆಯ ದೋಣಿಪಟ್ಟಣ. ಆಚೆ ದಡಕ್ಕೆ ಹೋಗೋರೆಲ್ಲ ಅಲ್ಲಿ ಮೆಟ್ಟಿಲ ಮೇಲೆ ಕೂತು ದೋಣಿಗೆ ಕಾಯಬೇಕು. ಕಾಯೋ ಜನಕ್ಕೆ ಬೇರೆ ಏನು ಕೆಲಸ, ಮಾತೇ ಕೆಲಸ. ದೋಣಿ ನಡೆಸೋ ನಾಗತಿ ಅನ್ನೋ ಮುದುಕಿ ಈರೀನ ಕಂಡವಳೇ, ಯಾವೂರವ್ವ, ಊಟ ಆಯ್ತಾ, ಹೆಗಲ ಮೇಲೆ ಯಾಕೆ ಕಲ್ಲು ಅಂತ ಒಂದೇ ಉಸಿರಿಗೆ ಕೇಳಿದಳಂತೆ. ತನಗಿಂತ ಮುಂಚೆ ಕೇಳೋರನ್ನ ಈರಿ ಕಂಡದ್ದು ಅದೇ ಮೊದಲು. ಅವಳು ಮೆಟ್ಟಿಲ ಮೇಲೆ ಕೂತವಳು ಸಂಜೆವರೆಗೆ ಏಳಲಿಲ್ಲ. ಆಮೇಲೆ ನಾಗತಿ, ಹುಟ್ಟು ಹಾಕೋಕೆ ಬರುತ್ತೇನೇ ಅಂದಳು. ಹೊಳೆ ನಡುವೆ ಹುಟ್ಟಿದೋಳಿಗೆ ಬರದೆ ಇರುತ್ತಾ? ಅಣ್ಣಂದಿರು ಹೊರಡೋಣ ಅಂತ ಎದ್ದಾಗ ಈರಿ ಬಾಯಲ್ಲಿ ತಾನಾಗೇ ಬರ್ತೀನಿ ಅಂತ ಬಂತಂತೆ. ಮಾಳ, ಕೆಂಚ ಇಬ್ಬರೂ ಹೋಗ್ತೀವಿ ಅಂದು, ಒಬ್ಬರ ಮುಖ ಒಬ್ಬರು ನೋಡಿದರಂತೆ.

ಈಗ ಏನು ಮಾಡೋದು? ಚಿಕ್ಕವಳಿಗೆ ಹಿಡಿಸಿದೆ, ನಾವು ಹೊಂದ್ಕೊಳ್ಳೋಣ ಅಂತ ಮಾಳನೇ ಅಲ್ಲಿ ಮೂರು ಗುಂಡು ಹೂಡಿದ. ಆಮೇಲೆ ಬಂತು ನೋಡು ಫಜೀತಿ. ಮೆಟ್ಟಿಲ ಗಲಾಟೆ ತಡೀಲಾರದೆ ಮಾಳ ಕಿವಿಗೆ ಹತ್ತಿ ಇಟ್ಕೊಂಡ. ಅಣ್ಣಾ, ಸಾರಿಗೆ ಉಪ್ಪು ಸರಿಯಿದೆಯಾ ಅಂತ ಈರಿ ಕೇಳಿದರೆ, ಹೌದು, ಮಳೆ ಬರೋ ಹಾಗಿದೆ ಅನ್ನೋನಂತೆ, ನಗುನಗುತ್ತಾ. ಕೆಂಚನಿಗೆ ಚೌಕಾಸಿಗೆ ಯಾರೂ ಸಿಗಲಿಲ್ಲ. ಏನು ಹೇಳಿದರೂ, ಆಗಲಿ ಕೂತ್ಕೋ, ದೋಣಿ ಬರಲಿ ಅನ್ನೋರಂತೆ. ಅವನು ಹೋಗಿ ಹೋಗಿ ಮತ್ತೆ ಒಂದು ಕೋಳಿ ಮುಂದೆ ಕೂತ. ಅವತ್ತು ಈರಿ ತಟ್ಟೆ ಬದಿಗಿಟ್ಟು, ಇಬ್ಬರನ್ನೂ ನೋಡ್ತಾ ಕೂತಳು.

ಮರುದಿನ ಅವಳು ಒಲೆ ಆರಿಸಿ, ಬೂದಿ ತೆಗೆದು, ಗುಂಡು ತೊಳೆದು, ಅಣ್ಣಂದಿರ ಮುಂದೆ ಒಂದೊಂದು ಇಟ್ಟಳಂತೆ. ಕೆಂಚ ಬೆಚ್ಚಿಬಿದ್ದು, ಒಲೆ ಒಡೀತೀಯೇನೇ, ಅವ್ವಂಗೆ ಏನು ಹೇಳೋಣ ಅಂದ. ಈರಿ, ಅವ್ವ ಒಲೆ ಬೇರೆ ಮಾಡಬೇಡಿ ಅಂದಳು ಕಣೋ ಅಣ್ಣ, ಊರು ಬೇರೆ ಮಾಡಬೇಡಿ ಅಂದಳಾ? ನಿಮ್ಮ ನಿಮ್ಮ ಊರಿಗೆ ಹೋಗ್ರಿ. ದಿನದ ಅಡುಗೆ ಬೇರೆ ಒಲೇಲಿ ಮಾಡ್ಕೊಳ್ರಿ, ಈ ಗುಂಡು ಮಾತ್ರ ಹುಣ್ಣಿಮೆಗೊಂದು ಸಲ ಹೊತ್ಕೊಂಡು ಬರ್ರಿ, ಮೂವರೂ ಬಂದರೇ ಮಡಕೆ ಕೂರೋದು ಅಂದಳಂತೆ. ಮಾಳ ಕಿವಿಯಿಂದ ಹತ್ತಿ ತೆಗೆದು, ಇನ್ನೊಂದು ಸಲ ಹೇಳು ಅಂದ. ಇನ್ನೊಂದು ಸಲ ಹೇಳಿದಳು. ಅವನ ಕಣ್ಣಲ್ಲಿ ನೀರು ಬಂತಂತೆ, ತನ್ನ ಗುಂಡು ಎತ್ತಿ ಹೆಗಲ ಮೇಲೆ ಇಟ್ಕೊಂಡನಂತೆ.

ಮಲಗಿದೆಯಾ? ಹ್ಞೂಂ ಅನ್ನು.

ಹುಣ್ಣಿಮೆ ಬಂತು. ಈರಿ ತನ್ನ ಗುಂಡು ಮುಂದಿಟ್ಕೊಂಡು, ಹುರುಳಿ ನೆನೆಹಾಕಿ, ಮೆಟ್ಟಿಲ ಮೇಲೆ ಕೂತಳಂತೆ. ಮೊದಲನೇ ದೋಣಿ ಬಂತು, ಅಣ್ಣಂದಿರಿಲ್ಲ. ಎರಡನೇದು ಬಂತು, ಇಲ್ಲ. ಎಲ್ಲರನ್ನೂ ಎಲ್ಲವನ್ನೂ ಕೇಳೋ ಈರಿ ಅವತ್ತು ಯಾರನ್ನೂ ಏನೂ ಕೇಳಲಿಲ್ಲ. ಏನು ಉತ್ತರ ಬರುತ್ತೋ ಅಂತ ಭಯ. ಒಲೆ ನಾನೇ ಒಡೆದೆನಲ್ಲಾ ಅಂತ ಮುಂದಿದ್ದ ಗುಂಡನ್ನೇ ಸವರುತ್ತಾ ಕೂತಳು. ಹೊತ್ತು ಮುಳುಗೋ ಸಮಯಕ್ಕೆ ಮೂರನೇ ದೋಣಿ ಬಂತು, ಅದರೊಳಗೆ ಎರಡು ಹೆಗಲು, ಎರಡು ಗುಂಡು. ಕೆಂಚ ದಾರಿಯುದ್ದಕ್ಕೂ ಸಿಕ್ಕಸಿಕ್ಕವರ ಕೈಲೆಲ್ಲ ಗುಂಡಿಗೆ ಬೆಲೆ ಕಟ್ಟಿಸಿ, ಕೊನೆಗೆ, ನಿಮ್ಮ ಇಡೀ ಊರು ಕೊಟ್ಟರೂ ಕೊಡಲ್ಲ ಹೋಗ್ರಿ ಅಂದನಂತೆ. ಅದಕ್ಕೇ ತಡ. ಮಾಳ ತಂಗಿಗೆ ಒಂದು ಬಾಚಣಿಗೆ ಕೆತ್ತಿ ತಂದಿದ್ದ, ಅದರ ಬೆನ್ನ ಮೇಲೆ ಒಂದು ಪುಟ್ಟ ನಡುಗಡ್ಡೆ.

ಮೂರು ಗುಂಡು ಕೂಡಿದವು, ಮಡಕೆ ಕೂತಿತು, ಹುರುಳಿ ಸಾರು ಕುದೀತು. ಊಟ ಮಾಡ್ತಾ ಮಾಡ್ತಾ ಈರಿ ಇಬ್ಬರ ಊರಿನ ಸುದ್ದೀನೂ ಕೇಳಿ ಕೇಳಿ ಬಾಯಿ ನೋಯಿಸಿಕೊಂಡಳಂತೆ. ಬೆಳಿಗ್ಗೆ ಎದ್ದು ಅಣ್ಣಂದಿರು ಗುಂಡು ಹೊತ್ತು ದೋಣಿ ಹತ್ತಿದರು. ಹುಟ್ಟು ಹಿಡಿದು ಕೂತಿದ್ದ ನಾಗತಿ, ಏನ್ರಪ್ಪಾ, ಹೊರಟ್ರಾ ಅಂದಳು. ಹಿಂದೆ ಇದೇ ಊರಲ್ಲಿ ಹೋಗ್ತೀವಿ ಅಂದಿದ್ದರಲ್ಲ, ಈಗ ಇಬ್ಬರೂ ಒಟ್ಟಿಗೆ, ಬರ್ತೀವಿ ಅಂದರಂತೆ. ಯಾರಿಗೂ ನೀರು ಕುಡಿಸಬೇಕಾಗಲಿಲ್ಲವಂತೆ.

ಆಮೇಲೆ ಮೂವರೂ ಅವರವರ ಊರಲ್ಲಿ ಅವರವರ ಹಾಗೆ ಇದ್ದುಕೊಂಡು, ಹುಣ್ಣಿಮೆಗೆ ಒಂದೇ ಒಲೇಲಿ ಉಂಡು ಸುಖವಾಗಿದ್ದರಂತೆ. ಕತೆ ಮುಗೀತು ಕಂದಾ, ಇನ್ನು ನಿದ್ದೆ ಊರಿಗೆ ಹೊರಡು. ಹೊರಡುವಾಗ ಅಜ್ಜಿಗೆ ಏನು ಹೇಳಬೇಕು? ಹಾಂ, ಹಾಗೆ. ಹೋಗಿ ಬಾ.