ಕೆಳಗಿಳಿಯದ ಬಿಳಿ ಚೆಂಡು

ಒಂದಾನೊಂದು ಊರಿನಲ್ಲಿ, ಎಂಥ ಊರು ಅಂತೀರಿ, ಟೆನಿಸ್ ನೋಡೋಕೆ ಬಂದ ಜನ ಎದ್ದು ಮನೆಗೆ ಹೋಗೋದನ್ನೇ ಮರೆತು ಕೂತಲ್ಲೇ ಕಟ್ಟಿಕೊಂಡ ಊರಿನಲ್ಲಿ, ಚೆಲುವಾಜಮ್ಮ ಅಂತ ಒಬ್ಬಳು ಅಜ್ಜಿ ಇದ್ದಳು. ಊರಿನ ಹೆಸರು ಅತ್ತಿತ್ತೂರು. ಅಲ್ಲಿಯವರು ಹೌದು ಅನ್ನೋಕೂ ಕತ್ತು ಅತ್ತಿತ್ತ ತಿರುಗಿಸೋರು, ಇಲ್ಲ ಅನ್ನೋಕೂ ಅತ್ತಿತ್ತ ತಿರುಗಿಸೋರು. ಹಾಗಾಗಿ ಅಲ್ಲಿ ಯಾವ ಜಗಳವೂ ಮುಗೀತಿರಲಿಲ್ಲ.

ಇದ್ದದ್ದು ಒಂದೇ ಜಗಳ ಅನ್ನಿ. ಟೆನಿಸ್ಸಿಗೆ ಯಾವ ಕಾಲ ಚೆನ್ನ? ಉಕ್ಕಿನ ಬ್ಯಾಟಿನ ಕಾಲ ಅನ್ನೋರು ಒಂದು ಬೀದಿ. ಈಗಿನ ಕಾರ್ಬನ್ ನಾರಿನ ಬ್ಯಾಟಿನ ಕಾಲ ಅನ್ನೋರು ಇನ್ನೊಂದು ಬೀದಿ. ಮರದ ಬ್ಯಾಟಿನ ಕಾಲ ಅನ್ನೋಳು ಚೆಲುವಾಜಮ್ಮ ಒಬ್ಬಳೇ. ಅವಳೇ ಒಂದು ಬೀದಿ. ಆಗ ಚೆಂಡು ಬೆಳ್ಳಗಿತ್ತು, ಈಗ ನೋಡಿದರೆ ಕಾಮಾಲೆ ಬಂದಿದೆ ಅಂತಿದ್ದಳು. ಆಗಿನವರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿ, ಸೋತರೂ ಪ್ಯಾಂಟಿನ ಗೆರೆ ಮುರಿಯದ ಹಾಗೆ ಸೋಲ್ತಿದ್ದರು, ಈಗಿನವರು ಒಂದೊಂದು ಹೊಡೆತಕ್ಕೂ ಹೆರಿಗೆ ನೋವು ಬಂದವರ ಥರ ಕೂಗ್ತಾರೆ ಅಂತಿದ್ದಳು. ಹೇಳ್ತಾ ಹೇಳ್ತಾ ಅವಳ ಕಣ್ಣು ತುಂಬಿ ಬರೋದು.

ಉಕ್ಕಿನ ಬೀದಿಯ ಈರಭದ್ರಪ್ಪ ಎದುರುತ್ತರ ಕೊಡೋಕೆ ಬಾಯಿ ತೆರೆದರೆ, ಅವಳು ಆಕಾಶದ ಕಡೆ ಬೆರಳು ತೋರಿಸೋಳು.

"ನಿಮ್ಮ ಕಾಲದ ಚೆಂಡು ಬೀಳುತ್ತೆ ಕಣಪ್ಪ. ನಮ್ಮ ಕಾಲದ ಚೆಂಡು ಬೀಳಲ್ಲ."

ಈರಭದ್ರಪ್ಪ ಮೇಲೆ ನೋಡಿ, ಬಂದ ದಾರಿ ಹಿಡಿಯೋನು. ಯಾಕಂದರೆ ಮಾತು ನಿಜ. ನಲವತ್ತು ವರ್ಷದ ಹಿಂದೆ, ಮರದ ಬ್ಯಾಟಿನ ಕಾಲದ ಕೊನೇ ಪಂದ್ಯದಲ್ಲಿ, ಕೊನೇ ಹೊಡೆತದಲ್ಲಿ, ಒಬ್ಬ ಚೆಂಡನ್ನು ಎತ್ತಿ ಮೇಲಕ್ಕೆ ಹೊಡೆದಿದ್ದ. ಅದು ಹೋಯ್ತು, ಹೋಯ್ತು, ಹೋಗಿ ಮೇಲೇ ನಿಂತುಬಿಡ್ತು. ಹೊಡೆದವನೂ ಅದಕ್ಕೆ ಕಾದವನೂ ಬಲೆಗೆ ಒರಗಿಕೊಂಡೇ ಮುದುಕರಾದರು. ಸ್ವಲ್ಪ ಆ ಕಡೆ ಸರಿಯಿರಪ್ಪ, ನನ್ನ ಸೊಂಟ ಹೋಯ್ತು ಅಂತ ಬಲೆ ದಿನಾ ಗೊಣಗೋದು.

ಚೆಂಡು ಬೀಳೋ ತನಕ ಪಂದ್ಯ ಮುಗಿಯಲ್ಲ. ಪಂದ್ಯ ಮುಗಿಯೋ ತನಕ ತೀರ್ಪುಗಾರ ತನ್ನ ಎತ್ತರದ ಕುರ್ಚಿಯಿಂದ ಇಳಿಯೋ ಹಾಗಿಲ್ಲ, ಚೆಂಡಿನಿಂದ ಕಣ್ಣು ಕೀಳೋ ಹಾಗೂ ಇಲ್ಲ. ಆ ತೀರ್ಪುಗಾರ ಅಂಕಯ್ಯ, ಚೆಲುವಾಜಮ್ಮನ ಗಂಡ. ಮದುವೆಯಾದ ಹದಿನಾರನೇ ದಿನ ಕುರ್ಚಿ ಹತ್ತಿದವನು.

ನಲವತ್ತು ವರ್ಷ ಅವಳು ಹಗ್ಗಕ್ಕೆ ಬುಟ್ಟಿ ಕಟ್ಟಿ ರೊಟ್ಟಿ ಮೇಲಕ್ಕೆ ಕಳಿಸಿದಳು. ಅವನು ಆಕಾಶ ನೋಡ್ತಾನೇ ತಿಂದು, ಉಪ್ಪು ಕಮ್ಮಿ ಅಂತಿದ್ದ. ಅಷ್ಟೇ ಅವರ ಸಂಸಾರ. ಅವಳ ಜಡೆ ನೆರೆತದ್ದು ಅವನಿಗೆ ಗೊತ್ತೇ ಇಲ್ಲ.

ಹೀಗಿರುವಾಗ ಆ ದೇಶದ ರಾಜನಿಗೆ ಹುಚ್ಚು ಹಿಡೀತು. ಯಾವ ಕಾಲ ಚೆನ್ನ ಅಂತ ತೂಗಿ ನೋಡದೆ ಉಣ್ಣಲ್ಲ ಅಂತ ಪಂತ ಕಟ್ಟಿ ಎಲೆ ಮುಂದಿನಿಂದ ಎದ್ದ. ರಾಜ ಉಣ್ಣದೆ ಪ್ರಜೆಗಳು ಉಣ್ಣೋ ಹಾಗುಂಟೇ? ಒಲೆಗಳೆಲ್ಲ ಆರಿದವು. ಟೆನಿಸ್ ಅಂಗಳಕ್ಕೆ ದೊಡ್ಡ ತಕ್ಕಡಿ ಬಂತು. ಉಕ್ಕಿನ ಕಾಲ ತೂಗಿದರು, ಮೂರು ಮಣ. ನಾರಿನ ಕಾಲ ತೂಗಿದರು, ಅದೂ ಮೂರು ಮಣ. ಮರದ ಕಾಲ ಎಲ್ಲಿ ಅಂದ ರಾಜ. ಅದರ ಕೊನೇ ಪಂದ್ಯ ಇನ್ನೂ ಮುಗಿದಿಲ್ಲ ಪ್ರಭು, ಮುಗಿಯದ ಪಂದ್ಯವನ್ನು ನಾನು ತೂಗಲಾರೆ ಅಂತು ತಕ್ಕಡಿ. ಹಾಗಾದರೆ ಕಾಯೋಣ ಅಂತ ರಾಜ ಅಲ್ಲೇ ಕೂತ.

ಅವತ್ತು ಬುಟ್ಟಿ ಮೇಲಕ್ಕೆ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಮೂರನೇ ದಿನ ಮೇಲಿನಿಂದ ಸಣ್ಣ ದನಿ ಬಂತು. "ಇವತ್ತೇನೇ ಇವಳೇ, ಉಪ್ಪೂ ಇಲ್ಲ, ರೊಟ್ಟಿಯೂ ಇಲ್ಲ."

ಚೆಲುವಾಜಮ್ಮ ಅಂಗಳದ ನಡುವೆ ಓಡಿ ಬಂದಳು. ಬಾರಪ್ಪ, ಇಳಿದು ಬಾ ಅಂತ ಚೆಂಡಿಗೆ ಕೈ ಮುಗಿದಳು.

"ನಮ್ಮ ಕಾಲದ ಚೆಂಡು ಬೀಳಲ್ಲ ಅಂತ ದಿನಾ ಹೇಳಿದವಳು ನೀನೇ ಅಲ್ಲವೇನಮ್ಮ?" ಅಂತು ಚೆಂಡು. "ನಿನ್ನ ಮಾತು ಉಳಿಸೋಕೆ ಅಂತಲೇ ಚಳಿಯಲ್ಲಿ ಒಬ್ಬಂಟಿ ನಿಂತಿದ್ದೀನಿ. ನಮ್ಮ ಕಾಲ ಮುಗೀತು ಅಂತ ಎಲ್ಲರ ಮುಂದೆ ಹೇಳು, ಬೀಳ್ತೀನಿ."

ಅಯ್ಯೋ ನನ್ನ ಬಾಯಿಗಿಷ್ಟು, ಗಂಡನನ್ನು ಮೇಲೆ ಕೂರಿಸಿದ್ದು ನಾನೇನಾ ಅಂತ ಅವಳು ಬಾಯಿ ಬಾಯಿ ಬಡಿದುಕೊಂಡಳು. ಹೇಳೋದು ಸುಲಭವಲ್ಲ ನೋಡಿ. ಆ ಬಿಳಿ ಚೆಂಡು, ಆ ಪ್ಯಾಂಟಿನ ಗೆರೆ, ಗಂಡ ಮಗ್ಗುಲಲ್ಲಿದ್ದ ಹದಿನೈದು ದಿನ, ಎಲ್ಲ ಇದ್ದದ್ದು ಆ ಕಾಲದಲ್ಲೇ. ಎದುರಿಗೆ ಈರಭದ್ರಪ್ಪ ಬೇರೆ ನಿಂತಿದ್ದ. ಅವಳು ಸೆರಗು ಕಚ್ಚಿದಳು. ಬಿಟ್ಟಳು.

"ಮುಗೀತು ಕಣಪ್ಪ. ನಮ್ಮ ಕಾಲ ಮುಗೀತು. ಚೆನ್ನಾಗಿತ್ತು. ಮುಗೀತು."

ಅತ್ತಿತ್ತೂರಿನ ಕತ್ತುಗಳೆಲ್ಲ ನಿಂತುಬಿಟ್ಟವು. ಇವಳ ಬಾಯಲ್ಲಿ ಇಂಥ ಮಾತಾ ಅಂತ ಅಂಕಯ್ಯ ಬೆಚ್ಚಿ ಕೆಳಗೆ ನೋಡಿದ. ಅದೇ ಗಳಿಗೆಗೆ ಚೆಂಡು ಟಪ್ ಅಂತ ಗೆರೆಯ ಹತ್ತಿರ ಬಿತ್ತು, ಸುಣ್ಣ ಹಾರಿತು. ಒಳಗೋ ಹೊರಗೋ ಅಂದ ರಾಜ.

"ನೋಡಲಿಲ್ಲ ಪ್ರಭು. ನಾನು ಇವಳನ್ನ ನೋಡ್ತಿದ್ದೆ," ಅಂದ ಅಂಕಯ್ಯ. "ಚೆಲುವಿ, ನಿನ್ನ ಜಡೆ ಯಾವಾಗ ಬೆಳ್ಳಗಾಯ್ತೇ?"

ತೀರ್ಪುಗಾರ ನೋಡದ ಹೊಡೆತವನ್ನು ಮತ್ತೆ ಆಡಬೇಕು, ಅದು ನೇಮ. ಮತ್ತೆ ಆಡೋ ಮುಂಚೆ ಎಲ್ಲರೂ ಕೂತು ಒಂದು ಲೋಟ ನೀರು ಕುಡೀಬೇಕು, ಅದೂ ನೇಮ. ಆಗ ತೀರ್ಪುಗಾರ ಕೆಳಗೆ ಇಳೀಬಹುದು, ಲೋಟ ಖಾಲಿಯಾಗೋ ತನಕ ಮತ್ತೆ ಕುರ್ಚಿ ಹತ್ತಬೇಕಿಲ್ಲ. ಪಂದ್ಯಕ್ಕೆ ವಿರಾಮ ಇದ್ದ ಮೇಲೆ ಪಂತಕ್ಕೂ ವಿರಾಮ ಇರಬೇಕಲ್ಲ ಅಂತ ರಾಜನೂ ಎಲೆ ಹಾಕಿಸಿಕೊಂಡ. ಚೆಲುವಾಜಮ್ಮ ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿದಳು, ಈರಭದ್ರಪ್ಪನಿಗೂ. ಅಂಕಯ್ಯ ಅವಳ ಮುಖ ನೋಡ್ತಾ ಒಂದು ತುತ್ತು ತಿಂದು, ಉಪ್ಪು ಸರಿಯಾಗಿದೆ ಅಂದ.

ನಿಮ್ಮ ಕಾಲ ಮುಗೀತು ತಾನೇ ಅಂತ ಈರಭದ್ರಪ್ಪ ಈಗಲೂ ಬಂದು ಕೇಳ್ತಾನಂತೆ. ತಡಿಯಪ್ಪ, ಇವರು ಇನ್ನೂ ನೀರು ಕುಡೀತಿದ್ದಾರೆ ಅಂತಾಳಂತೆ ಅವಳು. ಅಂಕಯ್ಯ ವರ್ಷಕ್ಕೊಂದು ಗುಟುಕು ಕುಡೀತಾನೆ. ಲೋಟದಲ್ಲಿ ಇನ್ನೂ ಮುಕ್ಕಾಲು ಇದೆ.

ನೀತಿ ಬೇಕೇನು? ಅತ್ತಿತ್ತ ನೋಡೋರಿಗೆ ಕತ್ತು ನೋವು, ಮೇಲೇ ನೋಡೋರಿಗೆ ಉಪ್ಪು ಕಮ್ಮಿ. ಚೆಂಡು ಅಂಗಳಕ್ಕೆ ಬಂತು, ಕತೆ ಅಟ್ಟ ಹತ್ತಿತು, ನೀವಿನ್ನು ಏಳಿ.