ತುರಿಕೆ ಹೂಂಗುಟ್ಟಿದ ಕಥೆ

ಗಿಡಬಳ್ಳಿಗೆಲ್ಲ ಮಾತು ಬರುತ್ತಿದ್ದ ಕಾಲದಲ್ಲಿ, ಒಂದೂರಲ್ಲಿ ಸಣ್ಣೀರಮ್ಮ ಅನ್ನೋ ಕುಂಬಾರಗಿತ್ತಿ ಇದ್ದಳಂತೆ. ಹೂಂ ಅನ್ನಿ ಮತ್ತೆ! ಕೇಳೋರು ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ಹೆಜ್ಜೆ ಇಡಲ್ಲ.

ಸಣ್ಣೀರಮ್ಮನಿಗೆ ಕೆಂಚಿ ಅಂತ ಒಬ್ಬಳೇ ಮಗಳು. ಮೂರು ವರ್ಷದ ಕೂಸು, ಬಾಯಲ್ಲಿ ಮುನ್ನೂರು ಪ್ರಶ್ನೆ. ಇರುವೆ ಯಾಕೆ ಸಾಲಾಗಿ ಹೋಗ್ತದೆ? ಕಪ್ಪೆ ಯಾಕೆ ಒದ್ದೆ? ಅಜ್ಜಿ ಹಲ್ಲು ಎಲ್ಲಿ ಹೋಯ್ತು? ಇಲಿ ತಗೊಂಡು ಹೋಯ್ತು ಅಂದರೆ, "ಇಲಿಗೆ ಹಲ್ಲಿರಲಿಲ್ವಾ?" ಅಂತ ಇನ್ನೊಂದು.

ಒಂದು ದಿನ ಸಣ್ಣೀರಮ್ಮ ಕೆರೆಯಂಗಳದಲ್ಲಿ ಮಡಕೆಗೆ ಮಣ್ಣು ಅಗೆಯುತ್ತಿದ್ದಳಂತೆ. ಕೆಂಚಿ ಏರಿಯ ಪಕ್ಕದ ಪೊದೆ ಹತ್ತಿರ ಹೋದಳು. ಅಲ್ಲೊಂದು ಬಳ್ಳಿ. ಬಳ್ಳಿ ತುಂಬ ಕಾಯಿ, ಕಾಯಿ ತುಂಬ ಹೊಂಬಣ್ಣದ ರೋಮ, ಥೇಟ್ ಎಳೆಗರುವಿನ ಕಿವಿ. ಅದು ಮುಟ್ಟಿದರೆ ಮೈಯೆಲ್ಲ ತುರಿಸೋ ನಸುಗುನ್ನಿ ಕಾಯಿ ಅಂತ ಕೂಸಿಗೇನು ಗೊತ್ತು? ಕಿತ್ತು ಕೈಯಲ್ಲಿ ಸವರಿತು, ಹೊಟ್ಟೆಗೆ ಒತ್ತಿಕೊಂಡು ಮುದ್ದು ಮಾಡಿತು. ಆಮೇಲೆ ಕಿಟಾರನೆ ಕಿರುಚಿತು.

"ಅವ್ವಾ, ಮೈಯೆಲ್ಲ ಇರುವೆ!"

ಸಣ್ಣೀರಮ್ಮ ಓಡಿ ಬಂದಳು. ಇರುವೆ ಒಂದೂ ಇಲ್ಲ. ಕೈಮೇಲೆ ಕೆಂಪು ದದ್ದು ಏಳುತ್ತಿವೆ. ಕುಂಬಾರರ ಕೈ ಎಂಥದ್ದು ಅಂತೀರಿ? ಹಸಿ ಮಡಕೆ ಮೇಲೆ ಒಂದು ಉಬ್ಬು ಕಂಡರೆ ಸಾಕು, ತಿಕ್ಕಿ ತಿಕ್ಕಿ ನುಣ್ಣಗೆ ಮಾಡದೆ ಬಿಡಲ್ಲ. ಮಗಳ ಮೈಮೇಲೂ ಆ ಕೈ ಹಾಗೇ ಆಡಿತು. ಸೆರಗು ಹಿಡಿದು ಗಸಗಸ ತಿಕ್ಕಿಬಿಟ್ಟಳು. ತಿಕ್ಕಿದಷ್ಟೂ ಕೈಯಲ್ಲಿದ್ದ ತುರಿಕೆ ಹೊಟ್ಟೆಗೆ ಬಂತು, ಹೊಟ್ಟೆಯಲ್ಲಿದ್ದದ್ದು ಕತ್ತಿಗೆ ಬಂತು.

ಮನೆಗೆ ಎತ್ತಿಕೊಂಡು ಬಂದರೆ ಅತ್ತೆ ದ್ಯಾವಮ್ಮ, "ಬಿಸಿನೀರು ಹುಯ್ಯೇ, ಇಳೀತದೆ" ಅಂದಳಂತೆ. ಬಿಸಿನೀರು ಬಿದ್ದದ್ದೇ ತಡ, ಕೂಸು ಇನ್ನಷ್ಟು ಕಿರುಚಿತು. ಹಾಲು ಬೇಡ, ಅಂಬಲಿ ಬೇಡ, ಪರಪರ ಕೆರೆಯೋದೊಂದೇ ಕೆಲಸ. ಕೆರೆದಲ್ಲೆಲ್ಲ ರಕ್ತ ಜಿನುಗಿತು. "ಅಯ್ಯೋ ನನ್ನ ಕಂದಾ, ನಿನ್ನನ್ನ ನಾನೇ ಹಾಳು ಮಾಡಿದ್ನಲ್ಲೇ" ಅಂತ ಸಣ್ಣೀರಮ್ಮ ಅಳುತ್ತಾ ಕೂತಳು.

ಆಗ ಕೂಸಿನ ಕತ್ತಿನ ಹತ್ತಿರ ಯಾರೋ ಕಿಸಕ್ಕನೆ ನಕ್ಕರಂತೆ.

"ಯಾರದು?" ಅಂದಳು ಸಣ್ಣೀರಮ್ಮ.

"ನಾನು, ನಸುಗುನ್ನಿ ತುರಿಕೆ."

ಬೇರೆ ಯಾರಾದರೂ ಆಗಿದ್ದರೆ ಪೊರಕೆ ಹುಡುಕುತ್ತಿದ್ದರು. ಕೆಂಚಿಗೆ ಆ ಪ್ರಶ್ನೆ ಕೇಳೋ ಬುದ್ಧಿ ಬಂದದ್ದು ಎಲ್ಲಿಂದ ಅಂದುಕೊಂಡಿರಿ? ಅವರವ್ವನಿಂದಲೇ. ಸಣ್ಣೀರಮ್ಮ ಕಣ್ಣೊರೆಸಿಕೊಂಡು, "ಎಲ್ಲಿಗೆ ಹೊರಟಿದ್ದೀಯಪ್ಪಾ?" ಅಂತ ಕೇಳಿದಳು.

"ಕಣ್ಣಿಗೆ. ಹೊತ್ತು ಮುಳುಗೋದ್ರೊಳಗೆ ಹತ್ತಿ, ಅಲ್ಲೇ ಮನೆ ಕಟ್ಟಿಕೊಂಡರೆ ಮತ್ತೆ ಇಳಿಯಲ್ಲ."

ಸಣ್ಣೀರಮ್ಮ ಮಗಳ ಕಣ್ಣಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಕಾಲಿಲ್ಲ, ರೆಕ್ಕೆಯಿಲ್ಲ. ಹೇಗೆ ಹೋಗ್ತೀಯಾ?" ಅಂದಳು.

ತುರಿಕೆಗೆ ಒಳಗೊಳಗೇ ಖುಷಿ. "ಎಲ್ಲರೂ ನನ್ನ ಬೈಯೋರೇ. ಎಲ್ಲಿಗೆ ಹೊರಟೆ, ಹೇಗೆ ಹೋಗ್ತೀಯಾ ಅಂತ ಕೇಳಿದೋಳು ನೀನೊಬ್ಬಳೇ. ಹೇಳ್ತೀನಿ ಕೇಳು. ಕೆರೆಯೋ ಉಗುರೇ ನನ್ನ ಕುದುರೆ. ತಿಕ್ಕೋ ಕೈಯೇ ನನ್ನ ಗಾಡಿ."

ಅಷ್ಟು ಸಾಕಾಗಿತ್ತು. ಸಣ್ಣೀರಮ್ಮ ಮಗಳ ಅಂಗಿ ಬಿಚ್ಚಿ ದೂರ ಇಟ್ಟಳು. ಉಗುರು ಕತ್ತರಿಸಿದಳು. ತಣ್ಣೀರನ್ನು ಮೆಲ್ಲಗೆ ಹುಯ್ದಳು, ತಿಕ್ಕಲಿಲ್ಲ. ಕೆರೆಯ ಜೇಡಿಮಣ್ಣನ್ನು ಗಂಜಿಯ ಹಾಗೆ ಕಲಸಿ, ಒತ್ತದೆ ಉಜ್ಜದೆ ಕೂಸಿನ ಮೈಮೇಲೆ ಸುರಿದಳು. ಕೆರೆಯೋ ಕೈಗೆ ಕೆಲಸ ಬೇಕಲ್ಲ, ಎರಡು ಕೈಗೂ ಒಂದೊಂದು ಮಣ್ಣಿನ ಉಂಡೆ ಕೊಟ್ಟಳು.

"ಒಣಗೋವರೆಗೆ ಅಲ್ಲಾಡಬಾರದು, ನನ್ನವ್ವಾ."

"ಹಂಗಾದ್ರೆ ಕಥೆ ಹೇಳು."

"ಹೂಂ ಅಂತೀಯಾ?"

"ಹೂಂ."

"ಒಬ್ಬ ಕುಂಬಾರ ಒಂದು ಕೊಡ ಮಾಡಿದನಂತೆ."

"ಹೂಂ."

"ಆ ಕೊಡಕ್ಕೆ ತೂತಿಲ್ಲ, ಬಿರುಕಿಲ್ಲ. ಆದರೆ ಎಷ್ಟು ನೀರು ಹುಯ್ದರೂ ತುಂಬದು."

"ಹೂಂ!"

"ಊರ ಬಾವಿ ಸೇದಿ ಹುಯ್ದರು. ತುಂಬಲಿಲ್ಲ. ಕೆರೆ ಬಗ್ಗಿಸಿ ಹುಯ್ದರು. ತುಂಬಲಿಲ್ಲ."

"ಹೂಂ…"

"ಹೊಳೆ ತಿರುಗಿಸಿ ಹುಯ್ದರು."

"ಹೂಂ."

ಸಣ್ಣೀರಮ್ಮ ನೋಡುತ್ತಾಳೆ, ಕೆಂಚಿಯ ಕಣ್ಣು ಮುಚ್ಚಿದೆ. ಬಾಯಿ ತುಸು ತೆರೆದಿದೆ, ಮಣ್ಣಿನ ಉಂಡೆ ಕೈಯಿಂದ ಜಾರಿದೆ. ಕೂಸು ಆಗಲೇ ನಿದ್ದೆ ಹೋಗಿದೆ! ಅತ್ತೆ ಹಿತ್ತಲಲ್ಲಿದ್ದಾಳೆ. ಹಾಗಾದರೆ ಹೂಂ ಅಂದದ್ದು ಯಾರು?

"ಮಳೆ ಮೋಡವನ್ನೇ ಹಿಂಡಿ ಹುಯ್ದರು" ಅಂತ ಬಗ್ಗಿ ಕಿವಿಗೊಟ್ಟಳು.

"ಹೂಂ, ಆಮೇಲೆ?" ಅಂತು ಕೂಸಿನ ಹೊಟ್ಟೆ ಮೇಲಿದ್ದ ಮಣ್ಣು.

ನೋಡಿ ಚೋದ್ಯವ! ಚರ್ಮದೊಳಗೆ ಕಥೆ ಸರಿಯಾಗಿ ಕೇಳಿಸದೆ, ತುರಿಕೆ ಮೆಲ್ಲಗೆ ಹೊರಗೆ ಬಂದು ಮಣ್ಣಿನಲ್ಲಿ ಕೂತುಬಿಟ್ಟಿತ್ತು. ಸಣ್ಣೀರಮ್ಮನ ಕೈ ಆ ಮಣ್ಣನ್ನು ಸವರಲು ಚಡಪಡಿಸಿತು. ಎರಡೂ ಕೈಯನ್ನು ಮಂಡಿ ನಡುವೆ ಸಿಕ್ಕಿಸಿಕೊಂಡು ಕಥೆ ಹೇಳುತ್ತಲೇ ಹೋದಳು. ಮಣ್ಣು ಒಣಗಿತು, ಬೆಳ್ಳಗಾಯಿತು, ಬಿರುಕು ಬಿಟ್ಟಿತು. ಆಗ ಒಂದೊಂದೇ ಚಕ್ಕೆಯನ್ನು ಮೆತ್ತಗೆ ಎಬ್ಬಿಸಿ ಒಡೆದ ಮಡಕೆಯ ಚೂರಿಗೆ ಹಾಕಿಕೊಂಡಳು. ಹೂಂ ಅನ್ನೋ ದನಿಯೂ ಚಕ್ಕೆಯ ಜೊತೆಗೇ ಚೂರಿಗೆ ಬಂತು.

ಕೂಸನ್ನು ಅತ್ತೆಗೆ ಒಪ್ಪಿಸಿ, ಹೊತ್ತು ಮುಳುಗೋ ಮೊದಲು ಬಳ್ಳಿಯ ಬುಡಕ್ಕೆ ಬಂದು ಚೂರನ್ನು ಇಳಿಸಿದಳು.

"ಆ ಕೊಡ ಯಾಕೆ ತುಂಬಲಿಲ್ಲ? ಹೇಳಿಬಿಡೇ ತಾಯಿ" ಅಂತ ತುರಿಕೆ ಅಂಗಲಾಚಿತಂತೆ.

"ನಿಜ ಹೇಳ್ಲಾ? ನನಗೂ ಗೊತ್ತಿಲ್ಲ. ಕೂಸು ಮಲಗೋವರೆಗೆ ಎಷ್ಟು ಬೇಕೋ ಅಷ್ಟು ಕಟ್ಟಿದೆ. ಗೊತ್ತಾದ ದಿನ ಬಂದು ಹೇಳ್ತೀನಿ."

"ಮರೀಬೇಡ" ಅಂತು ತುರಿಕೆ, ಕಾಯಿಯ ರೋಮದ ತುದಿಗೆ ಹತ್ತಿ ದಾರಿ ನೋಡುತ್ತಾ ಕೂತಿತು. ಹೆತ್ತ ಕರುಳಿಗೆ ಅಷ್ಟು ನೋವು ಕೊಟ್ಟಿದ್ದರೂ ಸಣ್ಣೀರಮ್ಮನಿಗೆ ಅಯ್ಯೋ ಪಾಪ ಅನ್ನಿಸಿತಂತೆ. ಅದಕ್ಕೆ ಯಾರೂ ಒಂದು ಕಥೆ ಹೇಳಿರಲಿಲ್ಲ ನೋಡಿ.

ಬೆಳಿಗ್ಗೆ ಕೆಂಚಿ ಎದ್ದಳು.

"ಮೈ ಕೆರೀತದಾ ಮಗಾ?"

"ಅವ್ವಾ, ಆ ಕೊಡ ಯಾಕೆ ತುಂಬಲಿಲ್ಲ?"

ಸಣ್ಣೀರಮ್ಮ ನಕ್ಕಳು, ನಗುನಗುತ್ತಲೇ ಅತ್ತಳು, ಮಗಳನ್ನು ತಬ್ಬಿಕೊಂಡಳು. ತಿಕ್ಕಲಿಲ್ಲ.

ಅವತ್ತಿನಿಂದ ತುರಿಕೆ ಅಲ್ಲೇ ಕಾಯುತ್ತಿದೆಯಂತೆ. ಪಕ್ಕದಲ್ಲಿ ಯಾರು ಸುಳಿದರೂ ಮೈಮೇಲೆ ಹಾರಿ, "ಆ ಕೊಡ ಯಾಕೆ ತುಂಬಲಿಲ್ಲ, ನಿಮಗೆ ಗೊತ್ತಾ?" ಅಂತ ಕೇಳುತ್ತದಂತೆ. ನಾವು ಕೆರೆಯೋ ಗದ್ದಲದಲ್ಲಿ ಅದು ನಮಗೆ ಕೇಳಿಸೋದಿಲ್ಲ ಅಷ್ಟೆ.

ತುರಿಕೆ ಅಲ್ಲಿ ಬಳ್ಳಿ ಮೇಲೆ, ನಾವು ಇಲ್ಲಿ ಜಗಲಿ ಮೇಲೆ. ಹೂಂ ಅಂದೋರ ಮೈ ತಣ್ಣಗಿರಲಿ.